ಮೂರನೇ ಸಾಲಿನ ಮೂಲೆಯ ಕುರ್ಚಿ

ಫ್ಯೂಸ್ ಹೋದ ಬಲ್ಬೊಂದನ್ನು ಕರವಸ್ತ್ರದಲ್ಲಿ ಸುತ್ತಿ ಜುಬ್ಬಾದ ಬಗಲು ಜೇಬಿಗೆ ಇಳಿಸಿಕೊಂಡಾಗ ಮುರುಗೆಪ್ಪನಿಗೆ ತನ್ನ ಮೇಲೆಯೇ ನಗು ಬಂತು. ವಯಸ್ಸು ಅರವತ್ತಾರು. ಪಿಂಪ್ರಿಯ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ಕೂತು, ಎರಡು ನಿಮಿಷ ತಡವಾಗಿ ಬಂದವನ ಹೆಸರಿನ ಮುಂದೆ ಕೆಂಪು ಗೆರೆ ಎಳೆದ ಮನುಷ್ಯ ಈಗ ಬಚ್ಚಲಮನೆಯ ಹಾಳು ಬಲ್ಬನ್ನು ಕಳ್ಳನ ಹಾಗೆ ಬಚ್ಚಿಟ್ಟುಕೊಳ್ಳುತ್ತಿದ್ದಾನೆ. ಆದರೆ ಉಪಾಯ ಚೆನ್ನಾಗಿತ್ತು. ಹತ್ತು ದಿನ ಅದನ್ನು ಹಿಂದೆ ಮುಂದೆ ತಿರುವಿ ನೋಡಿದ್ದ, ಎಲ್ಲಿಯೂ ತೂತು ಕಂಡಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಬಿಬವೇವಾಡಿಯ ಕಲಾಭವನದಲ್ಲಿ ನಾಟಕ. ಕೊನೆಯ ದೃಶ್ಯದಲ್ಲಿ ಗೌಡನ ಪಾತ್ರ ಮಾಡುವ ಕನ್ನಡ ಸಂಘದ ಅಧ್ಯಕ್ಷ ಚನ್ನವೀರನಿಗೆ ಮಾತು ಮರೆಯುತ್ತದೆ, ಮರೆತೇ ಮರೆಯುತ್ತದೆ. ರಂಗದ ಬದಿಯ ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದು ಕೂತ ಪ್ರಾಂಪ್ಟರ್ ಮುರುಗೆಪ್ಪ ಆ ಮಾತು ಕೊಡುವುದಿಲ್ಲ. ಯಾರಾದರೂ ಕೇಳಿದರೆ ದೀಪ ಹೋಯಿತು, ಅಕ್ಷರ ಕಾಣಲಿಲ್ಲ ಎನ್ನುವುದು. ಬೇಕಾದರೆ ನೋಡಿ ಎಂದು ಈ ಬಲ್ಬನ್ನು ತೋರಿಸುವುದು. ಮುಂದಿನ ಸಾಲಿನಲ್ಲಿ ಭವನಕ್ಕೆ ಜಾಗ ಕೊಟ್ಟ ಸರಕಾರಿ ಕಚೇರಿಯವರು ಕೂತಿರುತ್ತಾರೆ. ಅವರ ಎದುರಿಗೆ ಚನ್ನವೀರ ಬಾಯಿ ತೆರೆದುಕೊಂಡು ನಿಲ್ಲಬೇಕು, ಹತ್ತು ಸೆಕೆಂಡು, ಸಾಧ್ಯವಾದರೆ ಇಪ್ಪತ್ತು.

ಕಲಾಭವನ ನಿಂತ ಜಾಗದ ಮೂವತ್ತು ವರ್ಷದ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಸುವ ಮುಂಚೆ ಅಲ್ಲಿ ನಿಜವಾಗಿಯೂ ಕಲೆ ಎನ್ನುವುದು ನಡೆಯುತ್ತದೆಯೋ, ಇಲ್ಲ ಬರೀ ಮದುವೆ ಮುಂಜಿವೆಗೆ ಬಾಡಿಗೆ ಕೊಟ್ಟು ಬಾಗಿಲು ಹಾಕುತ್ತಾರೋ ನೋಡಬೇಕು ಎಂದು ಕಚೇರಿಯವರು ಪತ್ರ ಬರೆದಿದ್ದರು. ನೋಡಲು ಬರುವವರಿಗೆ ಕಚೇರಿ ವೇಳೆಯಲ್ಲಿ ಮಾತ್ರ ಬಿಡುವು. ಹಾಗಾಗಿ ಬುಧವಾರ, ಉರಿಬಿಸಿಲಿನ ನಡು ಮಧ್ಯಾಹ್ನ, ನಾಟಕ. ಅವರಿಗೆ ಹಿಡಿಸದಿದ್ದರೆ ಅಲ್ಲಿ ವಾಹನ ನಿಲ್ಲಿಸುವ ಆರು ಮಹಡಿ ಏಳುತ್ತದಂತೆ. ಈ ಸುದ್ದಿ ಕೇಳಿದ ದಿನ ಸಂಘದ ಎಷ್ಟೋ ಜನ ಊಟ ಬಿಟ್ಟಿದ್ದರು. ಇಡೀ ದಿನ ಮರಾಠಿಯಲ್ಲಿ ಬೆಲೆ ಹೇಳಿ, ಮರಾಠಿಯಲ್ಲಿ ಜಗಳಾಡಿ, ಮರಾಠಿಯಲ್ಲಿಯೇ ಸಾಲು ನಿಲ್ಲುವ ಜನಕ್ಕೆ ವಾರಕ್ಕೊಮ್ಮೆ ಆ ತಗಡಿನ ಮಾಡಿನ ಕೆಳಗೆ ಕೂತು ತಮ್ಮ ಮಾತಿನಲ್ಲಿ ಗಟ್ಟಿಯಾಗಿ ನಗಲಿಕ್ಕೆ ಇದ್ದದ್ದು ಅದೊಂದೇ ಜಾಗ. ಮುರುಗೆಪ್ಪನಿಗೂ ಅಷ್ಟೇ. ಆ ನಗು ಯಾರ ಮೇಲಿನದು ಎನ್ನುವುದಷ್ಟೇ ಅವನ ಲೆಕ್ಕದಲ್ಲಿ ಬೇರೆ. ಆರು ಮಹಡಿಯ ತುಂಬ ಸಾಲಾಗಿ ನಿಂತ ಸ್ಕೂಟರುಗಳನ್ನು ಅವನು ಕಲ್ಪಿಸಿಕೊಂಡ. ಸ್ಕೂಟರುಗಳು ನಗುವುದಿಲ್ಲ.

"ಏಳ್ರಿ, ಲೋಕಲ್ ಹೋಗ್ತದ," ಎಂದಳು ತ್ರಿವೇಣಿ ಬಾಗಿಲಲ್ಲಿ ನಿಂತು. ಇಲಕಲ್ ಸೀರೆ ಉಟ್ಟಿದ್ದಳು, ಮುಡಿಗೆ ಹೂ ಇರಲಿಲ್ಲ. "ಬಚ್ಚಲದಾಗ ಹೊಸ ಬಲ್ಬ್ ಹಾಕೀರಿ, ಹಳೇದು ಎಲ್ಲಿ ಹೋತು? ಗಾಜು ಕಾಲಿಗೆ ಚುಚ್ಚೀತು."

"ಒಗದೆ," ಎಂದ.

ಅವಳು ಅವನ ಜೇಬನ್ನು ನೋಡಿದಳೋ, ಜೇಬಿನ ಆಚೆಯ ಗೋಡೆಯನ್ನು ನೋಡಿದಳೋ ತಿಳಿಯಲಿಲ್ಲ. ಏನೂ ಅನ್ನದೆ ಬೀಗ ತೆಗೆದುಕೊಂಡಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇವಳ ಈ ಸುಮ್ಮನಿರುವಿಕೆಯನ್ನು ಅವನು ಒಪ್ಪಿಗೆ ಎಂದೇ ಬರೆದುಕೊಂಡು ಬಂದಿದ್ದ, ಹಾಜರಿ ಪುಸ್ತಕದಲ್ಲಿ ಬರೆದುಕೊಂಡ ಹಾಗೆ.

ಚಿಂಚವಾಡದಿಂದ ಹೊರಟ ಲೋಕಲ್ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನಿನ್ನೆ ಸಂಜೆ ಚನ್ನವೀರ ಮನೆಗೆ ಬಂದಿದ್ದ. ಎಪ್ಪತ್ನಾಲ್ಕು ವರ್ಷ, ಹೋದ ವರ್ಷ ಪಾರ್ಶ್ವವಾಯು ಬಡಿದು ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಎದ್ದವನು. ಎಡಗೈ ಇನ್ನೂ ಸಣ್ಣಗೆ ನಡುಗುತ್ತದೆ. ಬಟ್ಟೆ ವ್ಯಾಪಾರಿಯ ಗತ್ತು ಮಾತ್ರ ಹಾಗೆಯೇ ಇದೆ. ಕುರ್ಚಿಯಲ್ಲಿ ಕೂತು, ಚಹಾದ ಬಸಿ ಎರಡೂ ಕೈಯಲ್ಲಿ ಹಿಡಿದು, "ಮುರುಗೆಪ್ಪಾರ, ಖರೇ ಹೇಳ್ತೀನಿ, ನನ್ನ ತಲ್ಯಾಗ ಈಗ ಏನೂ ನಿಂದ್ರೂದಿಲ್ರಿ. ನೀವಿದ್ರ ನಾ ಗೌಡ, ನೀವಿಲ್ಲಂದ್ರ ನಾ ಬರೇ ಮೀಸಿ. ನಾಳೆ ಒಂದ ದಿನ ನನ್ನ ದಾಟಿಸಿಬಿಡ್ರಿ," ಎಂದಿದ್ದ. ಮುರುಗೆಪ್ಪ ಆಗ ತಲೆ ಬಾಗಿಸಿ "ಆತ್ರಿ ಅಧ್ಯಕ್ಷರ" ಎಂದಿದ್ದ. ಬಾಗಿಸಿದ ತಲೆಯೊಳಗೆ ಎಂಥ ಕುಣಿತ ನಡೆದಿತ್ತೆಂದು ಆ ಮೀಸೆಗೆ ಏನು ಗೊತ್ತು. ಹತ್ತೊಂಬತ್ತು ವರ್ಷದ ನಂತರವೂ ಒಂದೇ ಒಂದು ಸಲ, ಅವತ್ತು ಹಂಗ ಅನಬಾರದಿತ್ತು ನಾ, ಎಂಬ ಮಾತು ಆ ಬಾಯಿಂದ ಬರಲಿಲ್ಲ. ಚಹಾ ಕುಡಿದ, ಶೇಂಗಾ ಹೋಳಿಗೆ ಚಲೋ ಆಗ್ಯಾವ ಎಂದು ತ್ರಿವೇಣಿಗೆ ಹೇಳಿದ, ಹೋದ.

ಅವತ್ತು, ಇದೇ ನಾಟಕದಲ್ಲಿ, ಆದದ್ದು ಇಷ್ಟೇ. ಅಂಚೆಯವನ ಪಾತ್ರ ಮಾಡಬೇಕಿದ್ದವನಿಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಎರಡನೆಯ ಪಾಳಿಗೂ ನಿಲ್ಲು ಎಂದರು, ಅವನು ಬರಲಿಲ್ಲ. ಪಾತ್ರಕ್ಕೆ ಇದ್ದದ್ದು ಒಂದೇ ಮಾತು. ಇಡೀ ನಾಟಕ ಬಾಯಿಪಾಠ ಇರುವವರು ಮುರುಗೆಪ್ಪನವರೇ ಅಲ್ಲವೇ ಎಂದು ಎಲ್ಲರೂ ಸೇರಿ ಅವನಿಗೆ ಖಾಕಿ ಕೋಟು ತೊಡಿಸಿ ದೂಡಿದರು. ರಂಗದ ಮೇಲೆ ಬೆಳಕು ಅಷ್ಟು ಬಿಸಿ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಗೌಡನ ವೇಷದ ಚನ್ನವೀರನ ಮುಂದೆ ನಿಂತು, ಪತ್ರ ಚಾಚಿ, ಬಾಯಿ ತೆರೆದ. ಮಾತು ಬರಲಿಲ್ಲ. ಅಭ್ಯಾಸಬಲದಿಂದ ವಿಂಗಿನ ಕಡೆ ನೋಡಿದ. ಸ್ಟೂಲು ಖಾಲಿ ಇತ್ತು, ಅದರ ಮೇಲೆ ಅವನದೇ ಪುಸ್ತಕ ತೆರೆದು ಬಿದ್ದಿತ್ತು. ಆಗ ಚನ್ನವೀರ ಮೀಸೆ ತಿರುವಿ, ಬರೆದಿರದ ಮಾತೊಂದನ್ನು ಹೊಸೆದು, ಇಡೀ ಭವನಕ್ಕೆ ಕೇಳುವ ಹಾಗೆ ಅಂದ: "ಏನಪಾ, ಪತ್ರ ತಂದಿ, ನಾಲಿಗಿ ಮನ್ಯಾಗ ಬಿಟ್ಟ ಬಂದೀಯೇನು?" ಜನ ನಕ್ಕರು. ಒಂದು ನಿಮಿಷ ನಕ್ಕರು. ನಗು ಇಳಿಯುವ ಹೊತ್ತಿಗೆ ಯಾರೋ ಹಿಂದಿನಿಂದ ಶಿಳ್ಳೆ ಹಾಕಿದರು, ಮತ್ತೆ ಎದ್ದಿತು. ಆ ಬಿಸಿ ಬೆಳಕಿನಲ್ಲಿ ಮುರುಗೆಪ್ಪನ ಕಣ್ಣಿಗೆ ಸ್ಪಷ್ಟವಾಗಿ ಬಿದ್ದದ್ದು ಒಂದೇ ಮುಖ, ಮೂರನೇ ಸಾಲಿನ ಎಡ ಮೂಲೆಯಲ್ಲಿ ಕೂತಿದ್ದ ತ್ರಿವೇಣಿಯದು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಭುಜ ಅಲುಗುತ್ತಿತ್ತು. ಅಂದಿನಿಂದ ಮದುವೆಯ ಪಂಕ್ತಿಯಲ್ಲಿ, ಗೃಹಪ್ರವೇಶದಲ್ಲಿ, ಒಮ್ಮೆಯಂತೂ ಹೆಣ ಎತ್ತುವ ಮನೆಯ ಅಂಗಳದಲ್ಲಿ, "ಯಾಕ್ರಿ ಸುಮ್ಮನದೀರಿ ಮುರುಗೆಪ್ಪಾರ, ನಾಲಿಗಿ ಮನ್ಯಾಗ ಬಿಟ್ಟ ಬಂದೀರೇನು" ಎಂದು ಜನ ಅಂದಿದ್ದಾರೆ. ಅನ್ನುವವರಿಗೆ ಅದು ಪ್ರೀತಿಯ ಮಾತು. ಅವನೂ ನಕ್ಕಿದ್ದಾನೆ, ಪ್ರತಿ ಸಲವೂ.

ಪ್ರಾಂಪ್ಟರ್ ಕೆಲಸ ಆಗಲೇ ಬಿಡಬಹುದಿತ್ತು. ಬಿಟ್ಟರೆ ಸೋತ ಹಾಗೆ. ಅದೂ ಅಲ್ಲದೆ ಆ ಕತ್ತಲ ಮೂಲೆಯ ಸ್ಟೂಲು, ತಗಡಿನ ಮುಚ್ಚಳದ ಹದಿನೈದು ವ್ಯಾಟಿನ ದೀಪ, ಪೆನ್ಸಿಲ್ ಗುರುತಿನ ಪುಸ್ತಕ, ಇವುಗಳ ಹೊರತು ಅವನಿಗೆ ತನ್ನದೆನ್ನುವುದು ಬೇರೆ ಏನೂ ಇರಲಿಲ್ಲ. ಆ ಕೆಲಸಕ್ಕೆ ಅವನದೇ ಕಟ್ಟಳೆಗಳಿದ್ದವು. ಪೂರಾ ಮಾತು ಹೇಳಿಕೊಡಬಾರದು, ಮೊದಲ ಎರಡು ಶಬ್ದ ಕೊಡಬೇಕು. ಅದನ್ನು ಒಂದೇ ಸಲ ಕೊಡಬೇಕು. ಎರಡನೆಯ ಸಲ ಹೇಳಿದರೆ ಜನಕ್ಕೆ ಕೇಳುತ್ತದೆ. ನಟನಿಗೆ ಮರೆತದ್ದು ನಟನಿಗಿಂತ ಮೊದಲು ಪ್ರಾಂಪ್ಟರಿಗೆ ತಿಳಿಯಬೇಕು. ಚನ್ನವೀರನದು ಸುಲಭ: ಮಾತು ತಪ್ಪಿದರೆ ಅವನ ಬಲಗೈ ತಾನಾಗಿ ಹೆಗಲ ಮೇಲಿನ ಶಲ್ಯಕ್ಕೆ ಹೋಗಿ ಅದರ ಅಂಚನ್ನು ಹೊಸೆಯತೊಡಗುತ್ತದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಕೈ ಎಷ್ಟು ಸಲ ಶಲ್ಯಕ್ಕೆ ಹೋಗಿದೆಯೋ ಅಷ್ಟು ಸಲವೂ ಕತ್ತಲಿಂದ ಎರಡು ಶಬ್ದ ಹೋಗಿವೆ. ನಾಟಕ ಮುಗಿದ ಮೇಲೆ ಪರದೆಯ ಮುಂದೆ ಎಲ್ಲರ ಹೆಸರನ್ನೂ ಕರೆಯುತ್ತಾರೆ, ಬಣ್ಣ ಹಚ್ಚಿದವರು, ಚಹಾ ಕೊಟ್ಟವರು, ಕುರ್ಚಿ ಹೊತ್ತವರು. ಪ್ರಾಂಪ್ಟರನ ಹೆಸರು ಮಾತ್ರ ಕರೆಯುವಂತಿಲ್ಲ. ಕರೆದರೆ ನಟರು ಮಾತು ಮರೆತಿದ್ದರು ಎಂದು ಒಪ್ಪಿಕೊಂಡ ಹಾಗಾಗುತ್ತದೆಂದು ಸಂಘ ಕಟ್ಟಿದ ಹಿರಿಯರು ಹಾಕಿದ ಪದ್ಧತಿ. ಇಂದಿನ ನಾಟಕ ‘ಗೌಡರ ಬಾಗಿಲು’ ಬರೆದವರೂ ಅವರೇ. ಬೇರೆ ಯಾವ ಊರಿನಲ್ಲೂ ಅದನ್ನು ಆಡಿಲ್ಲ, ಇಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಆಡದೆ ಬಿಟ್ಟಿಲ್ಲ.

ಕಲಾಭವನದ ಮುಂದೆ ರಿಕ್ಷಾ ನಿಂತಾಗ ಹನ್ನೊಂದೂ ಕಾಲು. ತ್ರಿವೇಣಿ ನೆಟ್ಟಗೆ ಒಳಗೆ ಹೋಗಿ ಮೂರನೇ ಸಾಲಿನ ಎಡ ಮೂಲೆಯ ಆ ಕೈ ಮುರಿದ ಕುರ್ಚಿಯಲ್ಲಿ ಕೂತಳು. ಅದರ ಮುಂದೆ ಒಂದು ಕಂಬ, ಅರ್ಧ ರಂಗ ಕಾಣುವುದಿಲ್ಲ. ಭವನ ತುಂಬಿ ತುಳುಕಿದಾಗಲೂ ಬೇರೆ ಯಾರೂ ಆ ಕುರ್ಚಿಗೆ ಬರುವುದಿಲ್ಲ. ನಾಟಕದ ಮೇಲೆ ಇವಳಿಗೆ ಮನಸ್ಸಿಲ್ಲ, ಬಾಗಿಲ ಹತ್ತಿರ, ಬೇಗ ಎದ್ದು ಅಡಿಗೆಗೆ ಹೋಗಬಹುದು ಎಂದು ಅಲ್ಲಿ ಕೂರುತ್ತಾಳೆಂದು ಮುರುಗೆಪ್ಪ ಎಂದೋ ತೀರ್ಮಾನಿಸಿದ್ದ. ಇಪ್ಪತ್ತಾರು ವರ್ಷದ ಹಿಂದೆ ಚನ್ನವೀರನೇ ಮನೆಗೆ ಬಂದು, "ಗೌಡರ ಮಗಳ ಪಾರ್ಟು ತ್ರಿವೇಣಿ ಅಕ್ಕಾರು ಮಾಡ್ಲಿ. ಬೆಳಗಾವಿಯಿಂದ ಯಾರನೋ ಕರಸೂದಕ್ಕಿಂತ ನಮ್ಮವರೇ ಚಲೋ. ಅವರ ದನಿ ಕೇಳೇನಿ ಭಜನ್ಯಾಗ," ಎಂದಾಗ ಮುರುಗೆಪ್ಪ ಹೊಸ್ತಿಲಲ್ಲಿಯೇ ನಿಂತು, "ಆಕಿಗೆ ಇದೆಲ್ಲ ಸೇರೂದಿಲ್ರಿ," ಎಂದಿದ್ದ. ಒಳಗಿನಿಂದ ಚಹಾದ ಕಪ್ಪು ಬಸಿ ತರುತ್ತಿದ್ದ ಅವಳು ಅಲ್ಲಿಯೇ ನಿಂತಳು. ಬಸಿಯ ಮೇಲೆ ಕಪ್ಪು ಸಣ್ಣಗೆ ಸದ್ದು ಮಾಡಿತು. ಮರುದಿನ ಎಂದಿನಂತೆ ರೊಟ್ಟಿ ಬಡಿಯುತ್ತ, ಅವನು ಪುಸ್ತಕ ಹಿಡಿದು ತಾಲೀಮು ಮಾಡುವಾಗ ಎದುರಿನ ಪಾತ್ರಗಳ ಮಾತು ಹೇಳಿದಳು, ಮಗಳದ್ದು, ಗೌಡನದ್ದು, ಅಂಚೆಯವನದ್ದು. ಸೇರದಿದ್ದರೆ ಹಾಗೆ ಹೇಳುತ್ತಿದ್ದಳೇ ಎಂದು ಇವತ್ತೇಕೆ ಹೊಳೆಯಬೇಕು. ಮುರುಗೆಪ್ಪ ಬೇಗ ಬೇಗ ರಂಗದ ಹಿಂದಕ್ಕೆ ನಡೆದ.

ಅಲ್ಲಿ ಮಗಳ ಪಾತ್ರದ ಸುರಭಿ ಮೊಬೈಲು ಹಿಡಿದು ಮಾತು ಗಟ್ಟಿ ಮಾಡುತ್ತಿದ್ದಳು. ಬೆಂಗಳೂರಿನ ಹುಡುಗಿ, ಐಟಿ ಕಂಪನಿಯಲ್ಲಿ ಕೆಲಸ, ಅರ್ಧ ದಿನದ ರಜೆ ಹಾಕಿ ಬಂದಿದ್ದಳು. "ಅಂಕಲ್, ಲಾಸ್ಟ್ ಸೀನಲ್ಲಿ ಸರ್ ಬ್ಲಾಂಕ್ ಆದ್ರೆ ನಾನೇನಾದ್ರೂ ಮ್ಯಾನೇಜ್ ಮಾಡ್ಲಾ? ಅಥವಾ ನೀವು ಇದೀರಲ್ಲ?"

"ನಾ ಅದೀನವ್ವ. ನೀ ಏನೂ ಮಾಡಬ್ಯಾಡ," ಎಂದ ಮುರುಗೆಪ್ಪ. ಎಷ್ಟು ಸಲೀಸಾಗಿ ಬಂತು ಸುಳ್ಳು. ಅವಳ ಮುಖದ ಬಿಗಿ ಸಡಿಲಿತು, ಥ್ಯಾಂಕ್ಯೂ ಎಂದಳು. ಸ್ಟೂಲಿನ ಮೇಲೆ ಕೂತು ದೀಪ ಹಾಕಿ, ಅವನು ಪುಸ್ತಕದ ಕೊನೆಯ ಪುಟ ತೆರೆದ. ಇಪ್ಪತ್ತು ವರ್ಷದ ಹಿಂದೆ ತಾನು ಹೊರಹಾಕಿದ ಮಗಳು ಬಾಗಿಲಿಗೆ ಬಂದು ನಿಂತಾಗ ಗೌಡ ಹೇಳುವ ಮಾತು ಅಲ್ಲಿತ್ತು. ‘ತಪ್ಪು ನನ್ನದು ಮಗಳ. ಬಾಗಿಲಾ ಹಾಕಿದಾವ ನಾ, ಹೊರಗ ನಿಂತಾಕಿ ನೀ. ಇಷ್ಟ ಹೇಳಾಕ ನನಗ ಇಪ್ಪತ್ತ ವರ್ಷ ಬೇಕಾತು.’ ಇದನ್ನು ಹೇಳಿದಾಗ ಹೆಂಗಸರು ಅಳುತ್ತಾರೆ. ಗಂಡಸರು ಕೆಮ್ಮುತ್ತಾರೆ. ಎಲ್ಲ ಚಪ್ಪಾಳೆಯೂ ಚನ್ನವೀರನಿಗೆ, ತನ್ನ ಜೀವನದಲ್ಲಿ ಒಮ್ಮೆಯೂ ಯಾರಿಗೂ ಈ ಮಾತು ಹೇಳದವನಿಗೆ. ಆ ಕ್ಷಮೆಯನ್ನು ಪ್ರತಿ ಸಲ ಅವನ ಬಾಯಿಗೆ ಇಟ್ಟವನು ತಾನು, ಆ ಕ್ಷಮೆ ಯಾರಿಗೆ ಸಲ್ಲಬೇಕಿತ್ತೋ ಆ ಮನುಷ್ಯನೇ ಕತ್ತಲಲ್ಲಿ ಕೂತು ‘ತಪ್ಪು ನನ್ನದು’ ಎಂದು ಪಿಸುಗುಟ್ಟಬೇಕು. ಇಂಥ ಅಪಮಾನವನ್ನು ಯಾರೂ ಬೇಕೆಂದು ಮಾಡಿದ್ದಲ್ಲ, ಮಾಡಿದ್ದರೆ ಇಷ್ಟು ಚೆನ್ನಾಗಿ ಕೂಡಿಬರುತ್ತಿರಲಿಲ್ಲ. ಇವತ್ತಿಗೆ ಇದು ಮುಗಿಯಲಿ. ಭವನ ಹೋದರೆ ಹೋಗಲಿ.

ಪರದೆ ಸರಿಯಿತು. ಹಗಲಿನ ನಾಟಕದ ವಿಚಿತ್ರವೇ ಬೇರೆ. ಮಾಡಿನ ಬಿರುಕುಗಳಿಂದ ಬಿಸಿಲಿನ ಕೋಲುಗಳು ಇಳಿದು ಜನರ ತಲೆಯ ಮೇಲೆ ಬಿದ್ದಿದ್ದವು, ಎಲ್ಲರ ಮುಖಗಳೂ ಕಾಣುತ್ತಿದ್ದವು. ರಾತ್ರಿ ಪಾಳಿ ಮುಗಿಸಿ ನಿದ್ದೆ ಬಿಟ್ಟು ಬಂದವರು, ಅಂಗಡಿಗೆ ಅರ್ಧ ಬಾಗಿಲೆಳೆದು ಬಂದವರು, ಶಾಲೆಯಿಂದ ಮಕ್ಕಳನ್ನು ಹಾಗೆಯೇ ಎತ್ತಿಕೊಂಡು ಬಂದ ತಾಯಂದಿರು. ಮುಂದಿನ ಸಾಲಿನ ನಡುವೆ ಕಚೇರಿಯ ಮೂವರು. ಅವರಲ್ಲಿ ದೊಡ್ಡವರು ಒಬ್ಬ ಮೇಡಂ, ತೊಡೆಯ ಮೇಲೆ ಫೈಲು, ಕನ್ನಡ ಒಂದಕ್ಷರ ಬರುವುದಿಲ್ಲ. ಕಾರ್ಯದರ್ಶಿ ದೇವದಾಸ್ ಪಕ್ಕದಲ್ಲಿ ಕೂತು ಅವರ ಕಿವಿಯಲ್ಲಿ ಮರಾಠಿಯಲ್ಲಿ ಕಥೆ ಹೇಳುತ್ತಿದ್ದ. ಮೊದಲ ಅಂಕದಲ್ಲಿ ಚನ್ನವೀರನ ಕೈ ಎಂಟು ಸಲ ಶಲ್ಯಕ್ಕೆ ಹೋಯಿತು. ಎಂಟು ಸಲವೂ ಮುರುಗೆಪ್ಪ ಎರಡು ಶಬ್ದ ಕೊಟ್ಟ. ಅದರಲ್ಲಿ ಅವನಿಗೊಂದು ಕೆಟ್ಟ ಸುಖವಿತ್ತು. ಈ ಮನುಷ್ಯನನ್ನು ಎತ್ತರಕ್ಕೆ ಏರಿಸುತ್ತಿದ್ದೇನೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಎರಡನೇ ಅಂಕದಲ್ಲಿ ಹನ್ನೊಂದು ಸಲ. ಮೇಡಂ ಫೈಲು ಮುಚ್ಚಿ ಮುಂದಕ್ಕೆ ಬಾಗಿದ್ದರು.

ಕೊನೆಯ ದೃಶ್ಯ. ಈಗ ದೀಪ ಆರಿಸಬೇಕು, ಬಲ್ಬು ಬದಲಿಸಬೇಕು. ಮುರುಗೆಪ್ಪ ಜೇಬಿಗೆ ಕೈ ಹಾಕಿದ, ಕರವಸ್ತ್ರದ ಗಂಟು ಸಿಕ್ಕಿತು. ಅಲ್ಲಿಯೇ ಕೈ ನಿಂತಿತು. ಕತ್ತಲೆಯಾದರೆ ಚನ್ನವೀರನಿಗೆ ಏನು ತಿಳಿಯುತ್ತದೆ? ದೀಪ ಕೆಟ್ಟಿತು ಎಂದುಕೊಳ್ಳುತ್ತಾನೆ, ನಾಳೆ ಅದನ್ನೂ ಒಂದು ತಮಾಷೆ ಮಾಡಿ ಹೇಳಿಕೊಂಡು ನಗುತ್ತಾನೆ. ಹತ್ತೊಂಬತ್ತು ವರ್ಷ ಕಾದದ್ದು ಹದಿನೈದು ವ್ಯಾಟಿನ ಬಲ್ಬಿನ ಹೆಸರಿಗೆ ಬರೆಯಲಿಕ್ಕೆ ಅಲ್ಲ. ಅವನು ನೋಡಬೇಕು. ಪುಸ್ತಕ ತೆರೆದಿದೆ, ಬೆರಳು ಸಾಲಿನ ಮೇಲಿದೆ, ಬಾಯಿ ಮುಚ್ಚಿದೆ ಎಂಬುದನ್ನು ಕಣ್ಣಾರೆ ನೋಡಬೇಕು. ಮುರುಗೆಪ್ಪ ಜೇಬಿನಿಂದ ಬರಿಗೈ ತೆಗೆದ. ದೀಪದ ತಗಡಿನ ಮುಚ್ಚಳವನ್ನು ಸ್ವಲ್ಪ ಮೇಲಕ್ಕೆತ್ತಿ, ಬೆಳಕು ತನ್ನ ಗದ್ದದ ಮೇಲೂ ಬೀಳುವಂತೆ ಮಾಡಿಕೊಂಡ.

ಸುರಭಿ ಬಾಗಿಲಿಗೆ ಬಂದು ನಿಂತಳು. "ಅಪ್ಪಾ, ಒಳಗ ಬರಲೇನು?" ಎಂದಳು, ಬೆಂಗಳೂರಿನ ಹುಡುಗಿಯ ಬಾಯಲ್ಲಿ ಆ ಮಾತು ಹೇಗೋ ಸರಿಯಾಗಿಯೇ ಬಂತು. ಚನ್ನವೀರ ತಿರುಗಿದ. ಬಾಯಿ ತೆರೆದ. ಬಲಗೈ ಶಲ್ಯಕ್ಕೆ ಹೋಯಿತು.

ಒಂದು. ಎರಡು. ಮೂರು. ಟೈಮ್ ಆಫೀಸಿನ ಮನುಷ್ಯನಿಗೆ ಗಡಿಯಾರ ಬೇಕಾಗಿರಲಿಲ್ಲ. ನಾಲ್ಕಕ್ಕೆ ಚನ್ನವೀರ ವಿಂಗಿನ ಕಡೆ ನೋಡಿದ. ಐದಕ್ಕೆ ಅವನ ಕಣ್ಣು ಪುಸ್ತಕದ ಮೇಲಿದ್ದ ಬೆರಳಿಗೆ ಬಿತ್ತು, ಆರಕ್ಕೆ ಮುಚ್ಚಿದ ಬಾಯಿಗೆ. ಏಳಕ್ಕೆ ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಬಣ್ಣದ ಕೆಳಗಿನ ಮುಖದಲ್ಲಿ ನಿಚ್ಚಳವಾಗಿ ಕಂಡಿತು, ಮತ್ತು ಮುರುಗೆಪ್ಪನಿಗೆ ಎಂದೂ ಆಗಿರದಂಥ ಸಂತೋಷವಾಯಿತು. ಒಂಬತ್ತು. ಹತ್ತು. ಶಲ್ಯದ ಅಂಚು ಹೊಸೆದು ಹೊಸೆದು ಹಗ್ಗವಾಗಿತ್ತು. ಸುರಭಿ ಏನೋ ಹೇಳಲು ತುಟಿ ತೆರೆದು, ಅಂಕಲ್ ಇದ್ದಾರೆಂದು ನೆನೆದು ಮುಚ್ಚಿದಳು. ಮೇಡಂ ದೇವದಾಸನ ಕಡೆ ತಿರುಗಿದರು. ಹನ್ನೆರಡು. ಎಲ್ಲೋ ಒಂದು ಮಗು ಅತ್ತಿತು. ಈಗ ನಗಬೇಕಿತ್ತು ಜನ. ಯಾಕೆ ನಗುವುದಿಲ್ಲ ಇವರು? ಅವನಿಗೊಂದು ನಗು ಬರಬೇಕಾಗಿತ್ತು, ಆ ಹಳೆಯ ನಗು. ಯಾರೂ ನಗಲಿಲ್ಲ. ಎಲ್ಲರೂ ತಮ್ಮ ಮನೆಯ ಮುದುಕನೊಬ್ಬ ಮೆಟ್ಟಿಲಲ್ಲಿ ಎಡವಿದ್ದನ್ನು ಕಂಡವರ ಹಾಗೆ ಉಸಿರು ಹಿಡಿದಿದ್ದರು. ಹದಿನಾಲ್ಕು.

"ತಪ್ಪು ನನ್ನದು ಮಗಳ."

ಹೆಣ್ಣು ದನಿ. ರಂಗದ ಮೇಲಿನದಲ್ಲ. ಗಟ್ಟಿಯಾದ, ಅವಸರವಿಲ್ಲದ, ಕೊನೆಯ ಸಾಲಿಗೂ ಕೇಳುವ ದನಿ. ಜನ ಕುರ್ಚಿಯಲ್ಲಿಯೇ ಹೊರಳಿದರು. ಮೂರನೇ ಸಾಲಿನ ಎಡ ಮೂಲೆಯಲ್ಲಿ ತ್ರಿವೇಣಿ ಎದ್ದು ನಿಂತಿದ್ದಳು. ಅವಳು ರಂಗವನ್ನು ನೋಡುತ್ತಿರಲಿಲ್ಲ. ಕಂಬಕ್ಕೂ ಪರದೆಯ ಮಡಿಕೆಗೂ ನಡುವೆ ಒಂದು ಗೇಣು ಸಂದಿ ಇತ್ತು, ಆ ಸಂದಿಯಿಂದ ನೆಟ್ಟಗೆ ವಿಂಗಿನೊಳಗೆ, ದೀಪದ ಬೆಳಕು ಬಿದ್ದ ಬೆರಳನ್ನು ನೋಡುತ್ತಿದ್ದಳು. ಇಡೀ ಭವನದಲ್ಲಿ ಪ್ರಾಂಪ್ಟರನ ಸ್ಟೂಲು ಕಾಣುವ ಕುರ್ಚಿ ಅದೊಂದೇ ಎಂದು ಮುರುಗೆಪ್ಪನಿಗೆ ಆ ಗಳಿಗೆಯಲ್ಲಿ ತಿಳಿಯಿತು. ಇಪ್ಪತ್ತೊಂಬತ್ತು ವರ್ಷ ಅವಳು ಅಲ್ಲಿ ಕೂತು ನೋಡಿದ್ದು ನಾಟಕವನ್ನಲ್ಲ.

"ಬಾಗಿಲಾ ಹಾಕಿದಾವ ನಾ, ಹೊರಗ ನಿಂತಾಕಿ ನೀ," ಎಂದಳು ತ್ರಿವೇಣಿ. ಅಷ್ಟು ಹೊತ್ತಿಗೆ ಹಿಂದಿನ ಸಾಲಿನ ಹೆಂಗಸರ ತುಟಿಗಳೂ ಅಲುಗುತ್ತಿದ್ದವು. ಎರಡು ಮೂರು ವರ್ಷಕ್ಕೊಮ್ಮೆ ಕೇಳಿ ಕೇಳಿ ಒಳಗೆ ಕೂತಿದ್ದ ಮಾತು. ಭಜನೆಯಲ್ಲಿ ಸೊಲ್ಲು ಎತ್ತಿಕೊಂಡ ಹಾಗೆ ಅವರೂ ಎತ್ತಿಕೊಂಡರು, ಗಂಡಸರ ದನಿಯೂ ಸೇರಿತು, "ಇಷ್ಟ ಹೇಳಾಕ ನನಗ..." ಎಂದು ಭವನವೇ ಅಂದು ತಡೆಯಿತು. ಉಳಿದದ್ದನ್ನು ಚನ್ನವೀರ ಹೇಳಿದ. "ಇಪ್ಪತ್ತ ವರ್ಷ ಬೇಕಾತು." ಅವನ ಕಣ್ಣಲ್ಲಿ ನೀರಿತ್ತು, ನಟನೆಯದಲ್ಲ. ಸುರಭಿ ಒಳಗೆ ಬಂದು ಅವನ ಕಾಲು ಮುಟ್ಟಿದಳು. ಚಪ್ಪಾಳೆ ತಗಡಿನ ಮಾಡಿಗೆ ಬಡಿದು ಕಿವಿ ಗಡಚಿಕ್ಕಿತು.

ಮೇಡಂ ಎದ್ದು ನಿಂತು ಮೊದಲು ಕೇಳಿದ್ದೇ, "ಹ್ಯಾ ಬಾಯಿ ಕೋಣ?" ಈ ಹೆಂಗಸು ಯಾರು ಎಂದು. ದೇವದಾಸ್ ತಡಬಡಿಸಿ, ಇಲ್ಲಿ ಪ್ರೇಕ್ಷಕರೂ ನಾಟಕದ ಭಾಗ, ಇದು ನಮ್ಮ ಸಂಪ್ರದಾಯ ಎಂದು ಮರಾಠಿಯಲ್ಲಿ ಒಂದು ಸುಳ್ಳು ಹೊಸೆದ. ಮೇಡಂ ತಮಗೆ ಭಾಷೆ ತಿಳಿಯಲಿಲ್ಲ, ಆದರೆ ಬಾಡಿಗೆ ಭವನದಲ್ಲಿ ಜನ ಹೀಗೆ ಎದ್ದು ಮಾತು ಹೇಳುವುದಿಲ್ಲ ಎಂಬುದು ತಿಳಿಯಿತು, ಇನ್ನೂ ಹತ್ತು ವರ್ಷಕ್ಕೆ ಶಿಫಾರಸು ಬರೆಯುತ್ತೇನೆ ಎಂದರು. ವಿಂಗಿನ ಮರೆಯಲ್ಲಿ ನಿಂತು ಮುರುಗೆಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಹಿಂಬಾಗಿಲಿನಿಂದ ಹೋಗಿಬಿಡಬೇಕೆಂದು ಪುಸ್ತಕ ಮಡಿಚುವಷ್ಟರಲ್ಲಿ ಮೈಕಿನಲ್ಲಿ ಅವನ ಹೆಸರು ಬಂತು. ಎಂದೂ ಬರಬಾರದ ಹೆಸರು, ಚನ್ನವೀರನ ದನಿಯಲ್ಲಿ. "ನಮ್ಮ ಪ್ರಾಂಪ್ಟರ್ ಮುರುಗೆಪ್ಪಾರು. ಬರ್ರಿ, ಬರ್ರಿ. ಪದ್ಧತಿ ಇಲ್ಲ, ಗೊತ್ತದ. ಇವತ್ತಿಗೆ ಮುರಿಯೋಣು." ಸುರಭಿ ಅವನ ತೋಳು ಹಿಡಿದು ಬೆಳಕಿಗೆ ಎಳೆದಳು. ಬೆಳಕು ಹತ್ತೊಂಬತ್ತು ವರ್ಷದ ಹಿಂದಿನಷ್ಟೇ ಬಿಸಿ ಇತ್ತು. ಚನ್ನವೀರ ತನ್ನ ಹೆಗಲ ಮೇಲಿನ ಆ ಶಲ್ಯವನ್ನೇ ತೆಗೆದು ಅವನಿಗೆ ಹೊದಿಸಿದ. ಹೊದಿಸುವಾಗ ಬಾಗಿ, ಜನರ ಕಡೆ ನಗುಮುಖ ಇಟ್ಟುಕೊಂಡೇ ಕಿವಿಯಲ್ಲಿ ಅಂದ:

"ನಾಲಿಗಿ ಮನ್ಯಾಗ ಬಿಟ್ಟ ಬಂದ್ರೂ ಚಿಂತಿ ಇಲ್ರಿ ಮುರುಗೆಪ್ಪಾರ. ಮನಿಯವರ ತಂದ ಕೊಟ್ರು."

ಮಾತು ಮರೆತರೂ ಚುಚ್ಚುವ ಗುರಿ ಮುದುಕನಿಗೆ ಎಂದೂ ತಪ್ಪಿದ್ದಲ್ಲ. ಮುರುಗೆಪ್ಪ ಜನರಿಗೆ ಕೈ ಮುಗಿದ. ಎಂದಿನಂತೆ ನಕ್ಕ.

ಹಿಂದಿರುಗುವಾಗ ರಿಕ್ಷಾದಲ್ಲಿ ಮೂರು ಗಂಟೆಯ ಬಿಸಿಲು ತೊಡೆಯ ಮೇಲೆ ಬಿದ್ದಿತ್ತು. ಸಿಗ್ನಲ್ಲಿನಲ್ಲಿ ರಿಕ್ಷಾ ಗಕ್ಕನೆ ನಿಂತಾಗ ತ್ರಿವೇಣಿ, "ಬಲ್ಬ್ ಸಂಭಾಳಿಸ್ರಿ. ಒಡದ್ರ ಚುಚ್ತದ," ಎಂದಳು.

ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ. ಏನಾದರೂ ಹೇಳಬೇಕಿತ್ತು. ಹೊರಬಿದ್ದದ್ದು ಮಾತ್ರ ಹಳೆಯ ನಂಜು. "ಅವತ್ತ ನೀನೂ ನಕ್ಕಿ. ನಾ ನೋಡೇನಿ. ಬಾಯಿಗೆ ಸೆರಗ ಇಟ್ಕೊಂಡ ನಕ್ಕಿ."

ಅವಳು ಅವನ ಕಡೆ ತಿರುಗಿದಳು. ಸಿಟ್ಟು ಇರಲಿಲ್ಲ, ಆಶ್ಚರ್ಯವಿತ್ತು. "ಹತ್ತೊಂಬತ್ತ ವರ್ಷ ಇದನ್ನ ಇಟ್ಕೊಂಡ ಕುಂತಿದ್ರೇನು?" ಎಂದಳು. "ನೀವು ಬಾಯಿ ತಗದ ನಿಂತ ಕೂಡ್ಲೇ ಆ ಅಂಚಿಯವನ ಮಾತು ನನ್ನ ಬಾಯಿಗೆ ಬಂದಿತ್ತು. ರೊಟ್ಟಿ ಬಡಿವಾಗ ದಿನಾ ಹೇಳಿದ್ದ ಮಾತು. ಒದರಿಬಿಡ್ತಿದ್ದೆ. ಆಕಿಗೆ ಇದೆಲ್ಲ ಸೇರೂದಿಲ್ಲ ಅಂತ ನೀವು ಅಂದದ್ದು ನೆನಪಾತು. ಗಂಡಗ ಹೆಂಡ್ತಿ ಮಾತು ಹೇಳಿಕೊಟ್ಳು ಅಂತ ನಿಮ್ಮ ಮರ್ಯಾದಿ ಹೋಗ್ತದ ಅಂತ ಸೆರಗ ಬಾಯಾಗ ತುರುಕಿಕೊಂಡೆ. ಅಳು ಬಂದಿತ್ತು ನನಗ." ಸಿಗ್ನಲ್ಲು ಬಿಟ್ಟಿತು. "ಇವತ್ತ ಸೆರಗ ಹುಡುಕಲಿಲ್ಲ. ಯಾರ ಮರ್ಯಾದಿ ಕಾಯಬೇಕಿತ್ತು ಹೇಳ್ರಿ? ನಿಮ್ಮ ಬೆರಳು ಸಾಲಿನ ಮ್ಯಾಲೇ ಇತ್ತು."

ಗಾಳಿಗೆ ಅವಳ ಕೂದಲು ಮುಖದ ಮೇಲೆ ಬಂತು, ಸರಿಸಿಕೊಳ್ಳಲಿಲ್ಲ. ಅವಳಿಗೆ ಅರವತ್ತು ತುಂಬಿತ್ತು. ಸುರಭಿ ಇಂದು ಆಡಿದ ಪಾತ್ರ ಇವಳಿಗೆ ಬಂದಾಗ ಮೂವತ್ನಾಲ್ಕು, ಇಂದಿನ ಸುರಭಿಗಿಂತ ನಾಲ್ಕೋ ಐದೋ ವರ್ಷ ದೊಡ್ಡವಳು. ಬಸಿಯ ಮೇಲೆ ಸದ್ದು ಮಾಡಿದ ಕಪ್ಪು ಮುರುಗೆಪ್ಪನಿಗೆ ಈಗ ಕೇಳಿಸಿತು, ರಿಕ್ಷಾದ ಗದ್ದಲದಲ್ಲಿಯೂ. ಹೊಸ್ತಿಲಲ್ಲಿ ನಿಂತು ಬಾಗಿಲು ಹಾಕಿದವನ ಬೆನ್ನು ಕಂಡಿತು. ಆ ಬೆನ್ನು ಚನ್ನವೀರನದಾಗಿರಲಿಲ್ಲ.

ಅವಳೂ ಅದನ್ನೇ ನೋಡುತ್ತಿದ್ದಳೋ ಏನೋ. ಸ್ವಲ್ಪ ಅವನ ಕಡೆ ಬಾಗಿ, ಚಾಲಕನಿಗೆ ಕೇಳದಷ್ಟು ಮೆಲ್ಲಗೆ, ಇಪ್ಪತ್ತೊಂಬತ್ತು ವರ್ಷ ಅವನಿಂದ ಕಲಿತ ಹದದಲ್ಲಿ ಮೊದಲ ಎರಡು ಶಬ್ದ ಕೊಟ್ಟಳು.

"ತಪ್ಪು ನನ್ನದು..."

ಒಂದೇ ಸಲ ಹೇಳಿದಳು. ಆಮೇಲೆ ಕಾದಳು. ಮುರುಗೆಪ್ಪ ಬಾಯಿ ತೆರೆದ. ಮುಂದಿನ ಮಾತು ಗೊತ್ತಿತ್ತು, ಇಡೀ ಪುಸ್ತಕ ಗೊತ್ತಿತ್ತು. ಒಂದು, ಎರಡು, ಮೂರು ಎಂದು ಒಳಗೆ ಯಾರೋ ಎಣಿಸತೊಡಗಿದರು. ಸ್ಟೇಷನ್ನಿನ ತಿರುವು ಬಂತು. ಅವನ ಬಲಗೈ ತಾನಾಗಿ ಹೆಗಲಿಗೆ ಹೋಗಿ, ಚನ್ನವೀರನ ಶಲ್ಯದ ಅಂಚನ್ನು ಹೊಸೆಯುತ್ತಿತ್ತು.